ಹೊಸ್ತಿಲ ಮೇಲೆ ನಾಲ್ಕು ಹನಿ

ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಬ್ಯಾಂಡ್’ ಎಂದು ಬರೆದು ನಸ್ರೀನ್ ಟ್ಯೂಷನ್ ಮಕ್ಕಳ ಕಡೆ ತಿರುಗಿದಳು.

“ಇದಕ್ಕೆ ಎರಡರ್ಥ. ಕಟ್ಟೋ ಪಟ್ಟಿ, ಜನರ ಗುಂಪು. ಬರ್ಕೊಳ್ಳಿ.”

“ಮೇಡಂ, ನಮ್ಮನ್ನ ಬಿಟ್ಬಿಟ್ರಲ್ಲ?”

ಬಾಗಿಲಲ್ಲಿ ಪಕ್ಕದ ಶೆಡ್ಡಿನ ಮುಬಶೀರ್! ತರೀಕೆರೆಯ ಮದುವೆಗಳಿಗೆ ಬ್ಯಾಂಡ್ ಸೆಟ್ ನಡೆಸುವವನು. ಕೈಯಲ್ಲಿ ಟ್ರಂಪೆಟ್, ಮುಖದ ತುಂಬ ನಗು. ಎರಡು ವರ್ಷ ಗೋಡೆಯಾಚೆ ಊದುತ್ತಿದ್ದವನು ಮೊದಲ ಸಲ ಮಾತಾಡಿದ್ದ. ಅವನ ಹೆಸರು ಬಂದರೆ ಮುಖ ಕೆಂಪೇರುತ್ತದೆಂದೇ ಅವಳು ವಾದ್ಯದವರು ಎಂಬ ಮೂರನೆಯ ಅರ್ಥ ಬಿಟ್ಟಿದ್ದಳು.

ಅಷ್ಟರಲ್ಲಿ ಅವನು ಅಭ್ಯಾಸಬಲದಿಂದ ಟ್ರಂಪೆಟ್‌ನೊಳಗಿನ ತೇವ ಹೊರಹಾಕುವ ಅಡಿಯ ಕೀಲು ಒತ್ತಿ, ಉಫ್ ಎಂದು ಊದಿದ. ನಾಲ್ಕು ಹನಿ ಹೊಸ್ತಿಲ ಮೇಲೆ ಬಿದ್ದವು.

ನಸ್ರೀನ್ ಮುಖ ಕಿವುಚಿ ಒಂದು ಹೆಜ್ಜೆ ಹಿಂದೆ ಸರಿದಳು. ಗಂಟೆಗಟ್ಟಲೆ ಬಾಯಲ್ಲಿಟ್ಟ ಕೊಳವೆ... ಮಕ್ಕಳು ತುಳಿಯುವ ಜಾಗದಲ್ಲಿ ಬೆಚ್ಚಗಿನ ಎಂಜಲು...

“ಛೀ, ಎಂಜಲು ಊದೋರಿಗೆ ನನ್ನ ಬೋರ್ಡಲ್ಲಿ ಜಾಗ ಇಲ್ಲ. ಹೋಗಿ ಆಚೆ.”

ಮಕ್ಕಳು ಕಿಸಕ್ಕನೆ ನಕ್ಕರು. ಮುಬಶೀರ್ ನಗಲಿಲ್ಲ. ಮಂಡಿಯೂರಿ, ಕರ್ಚೀಫಿನಿಂದ ಹೊಸ್ತಿಲು ಒರೆಸಿ ಹೊರಟುಹೋದ. ಅವಳು ಅದರ ಮೇಲೂ ಎರಡು ಸಲ ಫಿನಾಯಿಲ್ ಹಾಕಿ ತೊಳೆದಳು. ಆದರೂ ಹೇಸಿಗೆ ಹೋಗಲಿಲ್ಲ.

ಮರುದಿನ ಸಂಜೆ ಐದಾದರೂ ಗೋಡೆಯಾಚೆ ಸದ್ದಿಲ್ಲ. ಮನೆಗೆ ಬಂದ ಅಪ್ಪ ಹನೀಫ್ ಮುಖ ಸಣ್ಣ ಮಾಡಿಕೊಂಡಿದ್ದರು.

“ಮುಬಶೀರನ ತಾಯಿ ಹಮೀದುನ್ನೀಸಾ ಹೋದ ವಾರ ಮಗನಿಗೆ ನಿನ್ನ ಕೇಳಿದ್ರಮ್ಮ. ನಿನ್ನ ಟ್ಯೂಷನ್ ಮಕ್ಕಳ ಪರೀಕ್ಷೆ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ. ಇವತ್ತು ದಾರೀಲಿ ಸಿಕ್ಕಿ ಬೇಡ ಅಂದ್ರು.”

“ಯಾಕಂತೆ ಅಬ್ಬಾ?”

“ಹುಡುಗನೇ ಒಲ್ಲೆ ಅಂದನಂತೆ.”

ಈಗ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಅವನು ಊದುವುದನ್ನು ಕೇಳಲೆಂದೇ ದಿನಾ ಕಿಟಕಿ ತೆಗೆಯುತ್ತಿದ್ದವಳು ತಾನೇ ಅಲ್ಲವೆ? ದುಡಿದು ತಿನ್ನುವವನಿಗೆ ಮಕ್ಕಳೆದುರು ಹಾಗೆಂದ ನಾಲಿಗೆಯನ್ನು ಯಾವ ಫಿನಾಯಿಲಿನಿಂದ ತೊಳೆಯುವುದು? ರಾತ್ರಿ ಅನ್ನ ಸೇರಲಿಲ್ಲ.

ಬೆಳಿಗ್ಗೆ ನೇರ ಶೆಡ್ಡಿಗೆ ಹೋದಳು. ಅವನು ಬಿಸಿ ಸೋಪಿನ ನೀರಲ್ಲಿ ಟ್ರಂಪೆಟ್‌ನ ಕೊಳವೆ ಉಜ್ಜುತ್ತಿದ್ದ.

“ಮೊನ್ನೆ ನಂಗೆ ಅಸಹ್ಯ ಆಗಿದ್ದು ಸುಳ್ಳಲ್ಲ. ಆದ್ರೆ ನಾನಾಡಿದ ಮಾತು ಅದಕ್ಕಿಂತ ಗಲೀಜು. ತಪ್ಪಾಯ್ತು.”

ಅವನು ತಲೆ ಎತ್ತಲಿಲ್ಲ. “ಅದು ಹೆಚ್ಚುಪಾಲು ಉಸಿರು ಮೇಡಂ. ಪಾತ್ರೆ ಮುಚ್ಚಳದಲ್ಲಿ ಹಬೆ ನೀರಾಗಲ್ವಾ, ಹಂಗೆ. ಆದ್ರೂ ನಿಮ್ಮ ಹೊಸ್ತಿಲಲ್ಲಿ ಬೀಳಿಸಬಾರದಿತ್ತು.”

“ಅದಕ್ಕೇ ಒಲ್ಲೆ ಅಂದ್ರಾ?”

“ನನ್ನ ಉಸಿರಿಗೇ ಹೇಸೋರ ಜೊತೆ ಬಾಳೋದು ಹೆಂಗೆ?” ಅವನು ಕೊಳವೆ ಕೆಳಗಿಟ್ಟ. “ಎರಡು ವರ್ಷ... ನೀವು ಕಿಟಕಿ ತೆಗೆಯೋವರೆಗೂ ಕಾದು ಊದ್ತಿದ್ದೆ.”

ನಸ್ರೀನಳ ಕಣ್ಣು ತುಂಬಿ ಹರಿಯಿತು.

“ನಿಮ್ಗೋಸ್ಕರಾನೇ ತೆಗೀತಿದ್ದೆ... ನೀವಂದ್ರೆ ನಂಗಿಷ್ಟ. ಅಬ್ಬಾಗೆ ನಾನೇ ಹೇಳ್ತೀನಿ. ನಿಮ್ಮ ಅಮ್ಮಿನ ಇನ್ನೊಂದ್ಸಲ ಕಳಿಸ್ತೀರಾ?”

ಸೋಪಿನ ಕೈಯಲ್ಲೇ ಅವನು ಎದ್ದು ನಿಂತ.

“ಇವತ್ತೇ ಕಳಿಸ್ತೀನಿ.”

“ಮದುವೆಗೆ ಯಾರ ಬ್ಯಾಂಡು?”

“ನಮ್ಮೋರದ್ದೇ. ನಾನು ಮಾತ್ರ ಊದಕ್ಕಾಗಲ್ಲ.”

“ಯಾಕೆ?”

“ಅವತ್ತು ಹೆದರಿಕೆಗೆ ಬಾಯಿ ಒಣಗಿರುತ್ತೆ ಕಣ್ರೀ.”