ನೆಡ್‌ನ ಚೆಂಡು, ಕರೇಕಲ್ಲಿನ ಕಿಚ್ಚು

"ಈ ಯಂತ್ರಕ್ಕೆ ಬೇಕಾಗಿರುವುದು ಖಾಲಿ ತಲೆ. ಅದಕ್ಕೇ ಇವನನ್ನು ಹುಡುಕಿ ತಂದೆವು" ಎನ್ನುತ್ತ ನಿರ್ದೇಶಕ ದ್ವಾರಕಾನಾಥರು ಕ್ಯಾತಯ್ಯನ ಬೋಳು ತಲೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. "ಕೇಳಿಸಿತೇ? ಬರೀ ಗಡಿಗೆ!"

ಸಭಾಂಗಣ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ಮಂತ್ರಿಗಳ ಕಾರ್ಯದರ್ಶಿ, ಪತ್ರಿಕೆಯವರು, ಯಂತ್ರಕ್ಕೆ ಹಣ ಹಾಕಿದ ಕಂಪನಿಗಳ ಜನ ಕೂತಿದ್ದರು. ತಂತಿಗಳು ಸರಿಯಾಗಿ ಅಂಟಲೆಂದು ಕ್ಯಾತಯ್ಯನ ತಲೆಯನ್ನು ಆ ಬೆಳಗ್ಗೆಯಷ್ಟೇ ಬೋಳಿಸಿದ್ದರು. ಅವನ ಕಿವಿಯವರೆಗೂ ರಕ್ತ ನುಗ್ಗಿತು. ಬಾಯಿ ತೆರೆಯುವಷ್ಟರಲ್ಲಿ ಡಾ. ಶೈಲಜಾ ಮಿರ್ಜಿ ಲೋಹದ ಟೋಪಿಯನ್ನು ಅವನ ತಲೆಗಿಳಿಸಿ, "ಮನಸ್ಸಿಗೆ ಹಚ್ಚಿಕೋಬ್ಯಾಡ ಕ್ಯಾತಯ್ಯ" ಎಂದು ಪಿಸುಗುಟ್ಟಿ ಗುಂಡಿ ಒತ್ತಿದರು.

ಯಂತ್ರದ ಹೆಸರು ಸ್ಮೃತಿವಾಹಕ. ಮನುಷ್ಯ ಬಹಳ ಕಾಲ ಮುಟ್ಟಿದ ಮರ, ಮೂಳೆ, ಚರ್ಮಗಳಲ್ಲಿ ಅವನ ಮೆದುಳಿನ ಅಲೆಗಳು ಅತಿ ಸಣ್ಣ ಗುರುತುಗಳಾಗಿ ಉಳಿಯುತ್ತವೆ ಎಂದು ಮಿರ್ಜಿಯವರು ಕಂಡುಹಿಡಿದಿದ್ದರು. ಆ ಗುರುತುಗಳನ್ನು ಎಬ್ಬಿಸಲು ಯಂತ್ರ ಸಾಕು. ಆದರೆ ಅವುಗಳನ್ನು ಅನುಭವಿಸಲು ಬದುಕಿರುವ ಇನ್ನೊಂದು ಮೆದುಳು ಬೇಕು. ಅದಕ್ಕೆ ಅವರು ಗ್ರಾಹಿ ಎಂದು ಹೆಸರಿಟ್ಟರು. ಇತಿಹಾಸ ಓದಿದವರನ್ನು ಕೂರಿಸಿದರೆ ಅವರ ಮೆದುಳು ಪುಸ್ತಕದ ಮಾತನ್ನೇ ಕಲಸಿ ಹೊಸ ಕಥೆ ಕಟ್ಟುತ್ತಿತ್ತು. ಆರನೇ ತರಗತಿಯಲ್ಲಿ ಮಾಸ್ತರರ ಮೇಲೆ ಸ್ಲೇಟು ಎಸೆದು ಶಾಲೆ ಬಿಟ್ಟಿದ್ದ ಕ್ಯಾತಯ್ಯ, ಕಂಡದ್ದನ್ನು ಕಂಡಂತೆಯೇ ಹೇಳುತ್ತಿದ್ದ.

ಪ್ರಯೋಗಾಲಯದಲ್ಲಿದ್ದ ವಸ್ತು ಇಂಗ್ಲೆಂಡಿನ ಹಾರ್ನ್‌ಫೆನ್ ಎಂಬ ಹಳ್ಳಿಯ ಕೆಸರಿನಲ್ಲಿ ಸಿಕ್ಕ ಒಂದು ಬೇಲಿಗೂಟ. ಅದನ್ನು ಕಿತ್ತು, ಮನೆಯ ಕದಕ್ಕೆ ಅಗುಳಿ ಮಾಡಿಕೊಂಡು, ಸಾಯುವವರೆಗೂ ಮುಟ್ಟುತ್ತಿದ್ದವನು ನೆಡ್ ಎಂಬ ಬಾತುಕೋಳಿ ಸಾಕುವವನು. ಅವನ ಭಾಷೆ ಕ್ಯಾತಯ್ಯನಿಗೆ ತಿಳಿಯಬೇಕಾಗಿರಲಿಲ್ಲ. ನೆಡ್‌ನ ಹೊಟ್ಟೆ ಉರಿದರೆ ಇವನದೂ ಉರಿಯುತ್ತಿತ್ತು.

ಉಗಿಯಂತ್ರ, ಕಾರ್ಖಾನೆಗಳು ಊರು ತುಂಬುವುದಕ್ಕೂ ಮೊದಲಿನ ಕಾಲವದು. ಹಾರ್ನ್‌ಫೆನ್‌ನ ಹುಲ್ಲುಬಯಲು ಎಲ್ಲರದೂ ಆಗಿತ್ತು. ಏನೂ ಇಲ್ಲದವನೂ ಒಂದು ಹಸು, ನಾಲ್ಕು ಬಾತು ಕಟ್ಟಿಕೊಂಡು ಯಾರ ಮುಂದೂ ಕೈ ಒಡ್ಡದೆ ಬದುಕಬಹುದಿತ್ತು. ಆಮೇಲೆ ದೊಡ್ಡ ಜಮೀನ್ದಾರರು ಪಾರ್ಲಿಮೆಂಟಿನಲ್ಲಿ ತಾವೇ ಕೂತು, ತಾವೇ ಕಾಯ್ದೆ ಮಾಡಿ, ತಾವೇ ಬೇಲಿ ಹಾಕಿಕೊಂಡರು. ತಕರಾರಿದ್ದವರು ಬರೆದುಕೊಡಬೇಕೆಂದು ಚರ್ಚಿನ ಬಾಗಿಲಿಗೆ ಕಾಗದ ಅಂಟಿಸಿದ್ದರು. ಓದಲು ಬಾರದ ಜನ ಅದನ್ನು ದಾಟಿಕೊಂಡೇ ಒಳಗೆ ಹೋಗಿ ಪ್ರಾರ್ಥನೆ ಮಾಡಿ ಬಂದಿದ್ದರು.

ಮೊದಲ ಸಲ ಇದನ್ನು ಕಂಡಾಗ ಕ್ಯಾತಯ್ಯ ಟೋಪಿ ಕಿತ್ತೆಸೆದು, "ಮೇಡಂ, ಇದು ನಮ್ಮೂರು!" ಎಂದು ಕೂಗಿದ್ದ.

ಅವನ ಊರು ಚಿತ್ರದುರ್ಗದ ಕಡೆಯ ಕರೇಕಲ್. ಊರಿನ ದನ ಕುರಿ ತಲೆತಲಾಂತರದಿಂದ ಮೇದ ಕಾವಲು ಈಗ ಸೌರಫಲಕದ ಕಂಪನಿಯೊಂದರ ಪಾಲಾಗಿತ್ತು. ತಕರಾರು ಸಲ್ಲಿಸಲು ಕೊಟ್ಟ ಗಡುವಿನ ಕಾಗದ ಪಂಚಾಯಿತಿ ಕಚೇರಿಯ ಒಳಗೋಡೆಯ ಮೇಲೆ, ಹಳೇ ಕ್ಯಾಲೆಂಡರಿನ ಹಿಂದೆ ಇತ್ತು. ಗಡುವು ಮುಗಿದ ಮೇಲೆ ತಂತಿಬೇಲಿ ಬಂತು.

"ನೀನು ಕಂಡದ್ದನ್ನೆಲ್ಲ ಕೋರ್ಟಿನ ಮುಂದೆ ಇಡೋಣ. ಇಂಥ ಅನ್ಯಾಯ ಹೇಗೆ ನಡೀತದೆ ಅಂತ ಅವರಿಗೂ ಗೊತ್ತಾಗಲಿ" ಎಂದು ಮಿರ್ಜಿಯವರು ನಂಬಿಕೆಯಿಂದಲೇ ಹೇಳಿದ್ದರು.

ಕ್ಯಾತಯ್ಯನಿಗೆ ಕೋರ್ಟಿನ ಮೇಲೆ ಅಷ್ಟು ಭರವಸೆ ಇರಲಿಲ್ಲ. ಅವನು ನಂಬಿದ್ದು ನೆಡ್‌ನ ಉಪಾಯವನ್ನು. ಹಾರ್ನ್‌ಫೆನ್‌ನವರು ಗುಂಪು ಕಟ್ಟಿ ಬೇಲಿ ಮುರಿದರೆ ಅದು ದಂಗೆ, ಅದಕ್ಕೆ ನೇಣು. ಚೆಂಡಾಟ ಆಡಿದರೆ? ಎರಡು ಊರಿನ ಗಂಡಸರು ಸೇರಿ, ಹಂದಿಯ ಮೂತ್ರಕೋಶ ತುರುಕಿದ ಚರ್ಮದ ಚೆಂಡನ್ನು ಒದೆಯುತ್ತ ಬೇಲಿಯ ಮೇಲೆಯೇ ಹಾಯ್ದುಹೋದರೆ? ಆಟದಲ್ಲಿ ಬೇಲಿ ಬಿತ್ತು, ಯಾರನ್ನು ಹಿಡಿಯುತ್ತೀರಿ?

ರಜೆಯಲ್ಲಿ ಊರಿಗೆ ಹೋದ ಕ್ಯಾತಯ್ಯ ಇದನ್ನು ಸೋದರಮಾವ ಜುಂಜಣ್ಣನಿಗೆ ಹೇಳಿದ. ಜುಂಜಣ್ಣ ಬೀಡಿ ಆರಿಸಿ, "ನಮಗೆ ಚೆಂಡ್ಯಾಕ್ಲಾ? ಸಂಕ್ರಾಂತಿ ಕಿಚ್ಚು ಐತಲ್ಲ!" ಎಂದಿದ್ದ. ಹುಲ್ಲಿಗೆ ಬೆಂಕಿ ಹಾಕಿ ದನಗಳನ್ನು ಹಾಯಿಸುವುದು ವರ್ಷವರ್ಷದ ಪದ್ಧತಿ. ಕಿಚ್ಚು ಹಾಯ್ದ ದನ ಬೆದರಿ ಎದುರಿಗೆ ಸಿಕ್ಕ ಕಡೆಗೆ ಓಡುತ್ತದೆ. ಈ ಸಲ ಕಿಚ್ಚನ್ನು ಬೇಲಿಯ ಹತ್ತಿರ ಹಾಕುವುದು, ಅಷ್ಟೆ.

ಸಭಾಂಗಣದ ಪ್ರದರ್ಶನದ ಆ ದಿನ ಯಂತ್ರ ಕ್ಯಾತಯ್ಯನಿಗೆ ನೆಡ್‌ನ ಆಟದ ಹಿಂದಿನ ಸಂಜೆಯನ್ನು ತೋರಿಸಿತು. ನೆಡ್ ಚೆಂಡಿನ ಹೊಲಿಗೆ ಮುಗಿಸಿ ಹೆಂಡದಂಗಡಿಯ ಕಡೆ ಹೊರಟಿದ್ದ. ಅಷ್ಟರಲ್ಲಿ ದ್ವಾರಕಾನಾಥರು, "ಊಟಕ್ಕೆ ಹೊತ್ತಾಯಿತು, ಸಾಕು" ಎಂದರು. ಮಿರ್ಜಿಯವರು ಯಂತ್ರ ಆರಿಸಿದರು.

ಮುಂದಿನ ಸಾಲಿನಲ್ಲಿದ್ದ ಬಿಳಿ ಅಂಗಿಯವನೊಬ್ಬ ಕಾಲು ಚಾಚಿಕೊಂಡು, "ಏನಪ್ಪಾ ಗಡಿಗೆ, ದನ ಮೇಯೋದು ಬಿಟ್ಟು ಬೇರೆ ಏನಾದ್ರೂ ಕಂಡಿತಾ?" ಎಂದ. ಮತ್ತೆ ನಗು.

ಕ್ಯಾತಯ್ಯ ಎದ್ದು ನಿಂತ. "ಕಂಡ್ತು ಸಾರ್! ಖಾಲಿ ತಲೆ ಜನ ನಿಮ್ಮಂಥ ಓದಿದೋರಿಗೆ ಹೆಂಗೆ ಮಣ್ಣು ಮುಕ್ಕಿಸ್ತಾರೆ ಅಂಬೋದು ಕಂಡ್ತು" ಎಂದು ಶುರು ಮಾಡಿದವನು ಚೆಂಡಿನ ಉಪಾಯವನ್ನೆಲ್ಲ ಕೈ ಬೀಸಿ ಹೇಳಿದ. ಯಾರೂ ನಗುತ್ತಿರಲಿಲ್ಲ. ತನ್ನ ಮಾತಿಗೆ ಅಷ್ಟು ಜನ ಬಾಯಿ ಮುಚ್ಚಿ ಕೂತದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಸುಖಕ್ಕೆ ಒಂದು ಮಾತು ಹೆಚ್ಚಿಗೆ ಬಂತು. "ಅದು ಬರೀ ಹಳೇ ಕತೆ ಅಂದ್ಕಬ್ಯಾಡಿ. ಕರೇಕಲ್ಲಿಗೆ ಬನ್ನಿ, ಸಂಕ್ರಾಂತಿ ಕಿಚ್ಚು ನೋಡೋರಂತೆ!"

ಸಭಾಂಗಣ ಚಪ್ಪಾಳೆ ತಟ್ಟಿತು. ಬಿಳಿ ಅಂಗಿಯವನು ಮಾತ್ರ ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡು, "ಯಾವ ಊರು ಅಂದೆ?" ಎಂದು ಮೆಲ್ಲಗೆ ಕೇಳಿದ.

ಹಬ್ಬದ ಹಿಂದಿನ ದಿನ ಮಿರ್ಜಿಯವರು ಉಳಿದ ಭಾಗವನ್ನು ನೋಡಲು ಅವನನ್ನು ಕೂರಿಸಿದರು. ಹೆಂಡದಂಗಡಿಯಲ್ಲಿ ಒಳ್ಳೆಯ ಕೋಟು ತೊಟ್ಟವನೊಬ್ಬ ನೆಡ್‌ನ ಕಡೆ ಬೊಟ್ಟು ಮಾಡಿ, ಇವರ ತಲೆಯಲ್ಲಿ ಬಾತುಕೋಳಿಯ ಹೇಲಿದೆ ಎಂದ. ಎಲ್ಲರೂ ನಕ್ಕರು. ನೆಡ್ ಲೋಟವನ್ನು ಮೇಜಿಗೆ ಕುಟ್ಟಿ, ನಾಳೆ ಬಂದು ಆಟ ನೋಡು ಎಂದ. ಮಾರನೆಯ ದಿನ ಚೆಂಡು ಬೇಲಿ ಮುಟ್ಟುವ ಮುಂಚೆ ಪೊದೆಗಳ ಹಿಂದಿನಿಂದ ಕುದುರೆ ಸವಾರರು ಎದ್ದರು. ಮುಂದಿನದು ಕೆಸರು, ಕಿರುಚಾಟ.

ಟೋಪಿ ತೆಗೆದಾಗ ಕ್ಯಾತಯ್ಯ ಬೆವತುಹೋಗಿದ್ದ.

"ಏನಾಯಿತು? ಬೇಲಿ ಬಿತ್ತಾ?" ಎಂದರು ಮಿರ್ಜಿ.

"ಆ ಬಿಳಿ ಅಂಗಿ ಹಾಕ್ಕೊಂಡೋನು ಯಾವ ಕಂಪನೀಯೋನು ಮೇಡಂ?"

ಮಿರ್ಜಿಯವರಿಗೆ ಗೊತ್ತಿತ್ತು, ಕರೇಕಲ್ಲಿನ ಕಾವಲಿಗೆ ಬೇಲಿ ಹಾಕಿದ ಸೌರಫಲಕದ ಕಂಪನಿಯೇ ಅದು. ಹೆಸರು ಹೇಳುತ್ತ ಹೇಳುತ್ತ ಅವರ ಮುಖವೂ ಬಿಳುಪೇರಿತು.

ಕ್ಯಾತಯ್ಯ ಸಿಕ್ಕ ಬಸ್ಸು ಹಿಡಿದು ಊರಿಗೆ ಬಂದ. ಮರುದಿನ ಇಳಿಹೊತ್ತಿಗೆ ದನಗಳ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಊರೆಲ್ಲ ಬೇಲಿಯ ಹತ್ತಿರ ಸೇರಿತ್ತು.

"ಮಾಮ, ಈ ವರ್ಸ ಬ್ಯಾಡ."

"ಯಾಕ್ಲಾ?"

ಯಾಕೆ ಎಂದು ಹೇಳಬೇಕಾದರೆ ಸಭೆಯಲ್ಲಿ ತಾನೇ ಬಾಯಿ ಬಿಟ್ಟದ್ದನ್ನೂ ಹೇಳಬೇಕಿತ್ತು. ಎಲ್ಲರೂ ಅವನ ಮುಖ ನೋಡುತ್ತಿದ್ದರು. "ಸುಮ್ಕೆ... ಬ್ಯಾಡ ಅನ್ನುಸ್ತು."

"ನೋಡ್ರಲಾ ಇವನ್ನ!" ಜುಂಜಣ್ಣ ನಕ್ಕ. "ಹೇಳ್ಕೊಟ್ಟೋನೂ ಇವ್ನೇ, ಉಚ್ಚೆ ಹೊಯ್ಕಂಡೋನೂ ಇವ್ನೇ. ತಲೆ ಬೋಳ್ಸಿದೋರು ಒಳಗಿಂದೂ ಬಳ್ಕೊಂಡವ್ರೆ!" ಜನ ನಕ್ಕರು. ಕ್ಯಾತಯ್ಯ ಗುಂಪಿನ ಹಿಂದಕ್ಕೆ ಸರಿದ. ಏನೂ ಆಗದೇ ಇರಬಹುದು ಎಂದುಕೊಂಡ.

ಕಿಚ್ಚು ಹೊತ್ತಿತು. ಜುಂಜಣ್ಣನ ಎತ್ತುಗಳು ಮೊದಲು ಹಾರಿದವು. ಹಿಂದೆ ಊರಿನ ಹಸು, ಹೋರಿ, ಕರುಗಳೆಲ್ಲ ಕೇಕೆಗೆ ಬೆದರಿ ನುಗ್ಗಿದವು. ಬೇಲಿ ತಡೆಯಲೇ ಇಲ್ಲ. ಯಾರೋ ಮೊದಲೇ ಕಂಬಗಳನ್ನು ಸಡಿಲ ಮಾಡಿಟ್ಟಂತೆ ಮಲಗಿಬಿಟ್ಟಿತು. ಜನ ಹೋ ಎಂದು ಕೂಗಿದರು. ಆ ಕೂಗು ಮುಗಿಯುವುದರೊಳಗೆ ಮುಂದಿನ ದನಗಳು ಕಣ್ಣಿಗೆ ಕಾಣದಾದವು.

ಬೇಲಿಯ ಆಚೆ ಹೊಸದಾಗಿ ಕಂದಕ ತೋಡಿ, ಕಾಣದಂತೆ ಮೇಲೆ ಒಣಹುಲ್ಲು ಹರಡಿದ್ದರು. ಒಂದರ ಮೇಲೊಂದು ಬಿದ್ದ ದನಗಳ ಕೊಂಬು, ಕಾಲು, ಬಣ್ಣದ ಕಾಗದ ಅದರ ತುಂಬ ಇದ್ದವು. ಸೌರಫಲಕಗಳ ಮರೆಯಲ್ಲಿ ಕಾದಿದ್ದ ಪೊಲೀಸರು ಆರಾಮವಾಗಿ ನಡೆದು ಬಂದರು. ದಂಗೆಯ ಮೊಕದ್ದಮೆ ಹಾಕಲಿಲ್ಲ. ಮೂಕಪ್ರಾಣಿಗಳ ಮೇಲೆ ಕ್ರೌರ್ಯ ಎಸಗಿದ್ದಕ್ಕೆಂದು ಗಂಡಸರ ಹೆಸರು ಬರೆದುಕೊಂಡರು. ಇನ್ನು ಮುಂದೆ ಕಾವಲಿನ ಸುತ್ತ ದನ ಕುರಿ ಸುಳಿಯುವಂತಿಲ್ಲ ಎಂದರು.

ಜುಂಜಣ್ಣ ಕಂದಕಕ್ಕಿಳಿದು, ಕಾಲು ಮುರಿದ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಅಂಗೈಗೆಲ್ಲ ಅರಿಶಿನ ಹತ್ತಿತ್ತು.

"ನಮ್ಮೋನೇ ಯಾವನೋ ಬಾಯಿ ಬಿಟ್ಟವ್ನೆ" ಎಂದ. ಬಳಿಕ ತಲೆ ಎತ್ತಿದ. "ಕ್ಯಾತ, ನಿಂಗೆ ಮೊದ್ಲೇ ಬ್ಯಾಡ ಅನ್ನುಸ್ತಲ್ಲ, ಯಾಕ್ಲಾ ಅನ್ನುಸ್ತು?"

ದಡದ ಮೇಲಿದ್ದವರೆಲ್ಲ ಅವನ ಕಡೆ ತಿರುಗಿದರು. ಕ್ಯಾತಯ್ಯ ದನ ಮೇಲೆಳೆಯಲು ತಂದಿದ್ದ ಹಗ್ಗವನ್ನು ಮಾವನ ಪಕ್ಕಕ್ಕೆ ಇಳಿಬಿಟ್ಟ. ಇನ್ನೂ ಹೊಗೆಯಾಡುತ್ತಿದ್ದ ಕಿಚ್ಚಿನ ಬೂದಿ ತುಳಿದುಕೊಂಡು ರಸ್ತೆಯ ಕಡೆಗೆ ನಡೆದ.

"ಏ ಕ್ಯಾತ, ಕೇಳಿದ್ದು ನಿಂಗೇ ಕಣ್ಲಾ!"

ಅವನು ತಿರುಗಿ ನೋಡಲಿಲ್ಲ.