ಬಂಗಾರದ ಬಣ್ಣದ ಬಿಲ್ಲೆ

ಫೆಬ್ರವರಿ 12, ಬೆಳಿಗ್ಗೆ 9.10. ಶಿರಸಿಯ ಖಾಸಗಿ ಆಸ್ಪತ್ರೆಯೊಂದರ ವ್ಯವಸ್ಥಾಪಕ ಚಿರಂತನ ಠಾಣೆಗೆ ಓಡಿಬಂದು ದೂರು ಕೊಟ್ಟ. ಕಾನಸೂರಿನ ಅಭಿಜ್ಞಾ ಹೆಗಡೆ ಎಂಬ ಇಪ್ಪತ್ತೆರಡರ ಹುಡುಗಿಯ ಹೃದಯದ ತೂತು ಮುಚ್ಚಲು ತರಿಸಿದ್ದ ಬಿಲ್ಲೆ ಕಾಣೆಯಾಗಿತ್ತು. ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುವ ತಜ್ಞರು ಮಧ್ಯಾಹ್ನ ಎರಡಕ್ಕೆ ಅದನ್ನು ಕೂರಿಸಬೇಕು. ಆ ಅಳತೆಯದು ಇದ್ದದ್ದು ಒಂದೇ.

"ಚಿನ್ನದ್ದಾ?" ಇನ್ಸ್‌ಪೆಕ್ಟರ್ ಪ್ರತಿಭಾ ಕೇಳಿದರು.

"ಅಲ್ಲ ಮೇಡಂ, ತಂತಿ ಹೆಣಿಗೆ. ಮೇಲೆ ಟೈಟಾನಿಯಂ ನೈಟ್ರೈಡ್ ಲೇಪ. ರಕ್ತ ಅಂಟಿ ಹೆಪ್ಪುಗಟ್ಟಬಾರದು ಅಂತ. ಬಣ್ಣ ಮಾತ್ರ ಬಂಗಾರದ್ದೇ."

ಬಂಗಾರದ ಬಣ್ಣ ಎಂದ ಮೇಲೆ ಪೊಲೀಸರ ತಲೆ ಓಡುವುದು ಒಂದೇ ದಾರಿಯಲ್ಲಿ. ಎಫ್‌ಐಆರ್ ಆಯಿತು. 9.50ಕ್ಕೆ ದಾಸ್ತಾನು ಕೋಣೆಯ ಪಂಚನಾಮೆ. ಬೀಗ ಮುರಿದಿರಲಿಲ್ಲ. ಏಳಕ್ಕೆ ಬಾಗಿಲು ತೆರೆಸಿ ನೆಲ ಒರೆಸಿದವಳು ದುರ್ಗಿ. ಅಷ್ಟೇ ಸಾಕಾಯಿತು. ರೋಗಿಗಳ ಕಡೆಯವರೆಲ್ಲ ಕೂತಿದ್ದ ಪಡಸಾಲೆಯಲ್ಲೇ ಅವಳ ಚೀಲ ಸುರುವಿಸಿದರು. ಎಲೆ ಸಂಚಿ, ಒಂದು ಮಾಸಿದ ಸೀರೆ, ಊಟದ ಡಬ್ಬಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅಲ್ಲಿ ಯಾರೂ ಕಾಣಲಿಲ್ಲ. ದುರ್ಗಿ ಮುಖಕ್ಕೆ ಸೆರಗು ಮುಚ್ಚಿ ಅತ್ತಳು.

11.15ಕ್ಕೆ ಕಾನ್‌ಸ್ಟೆಬಲ್ ಕಿರಣ ಅವಳಿಗೆ ನೀರು ಕೊಟ್ಟು ಕೇಳಿದ, "ನೀ ಒರೆಸುವಾಗ ಮತ್ತೆ ಯಾರಾದ್ರೂ ಒಳಗೆ ಬಂದಿದ್ರಾ?"

"ಹೆಗಡೇರು ಬಂದಿದ್ರು, ಆ ಹುಡುಗಿ ಅಪ್ಪ. ಫೈಲು ಬಿಟ್ಟೋಗಿದೆ ಅಂದ್ರು."

"ಮೊದಲೇ ಯಾಕೆ ಹೇಳಲಿಲ್ಲ?" ಪ್ರತಿಭಾ ದನಿ ಏರಿಸಿದರು.

"ನೀವು ಕೇಳಿದ್ದು ನೀ ಕದ್ದೆಯಾ ಅಂತ. ಯಾರು ಬಂದಿದ್ರು ಅಂತ ಕೇಳ್ಲೇ ಇಲ್ವಲ್ಲ."

ಹದಿನಾಲ್ಕು ವರ್ಷ ಸರ್ವೀಸಾದ ಪ್ರತಿಭಾಗೆ ನಾಚಿಕೆಯಾಯಿತು.

ಗಣಪ ಹೆಗಡೆ ಪಡಸಾಲೆಯ ಮೊದಲ ಬೆಂಚಿನಲ್ಲೇ ಇದ್ದರು. ಕೈಚೀಲದಲ್ಲಿ ಫ್ಲಾಸ್ಕಿನ ಪಕ್ಕ ಬಿಲ್ಲೆಯ ಪೊಟ್ಟಣ ಸಿಕ್ಕಿತು. ತುರುಕಿದ್ದರಲ್ಲಿ ಅದರ ಬಾಯಿ ಹರಿದಿತ್ತು.

"ಪೊಟ್ಟಣ ಹರಿದ್ರೆ ನಂಜಾಗ್ತದೆ, ಇನ್ನು ಇದು ಒಳಗೆ ಹಾಕಲಿಕ್ಕೆ ಬರೋದಿಲ್ಲ," ಎಂದ ಚಿರಂತನ. "ಹೊಸತು ಬಂದು, ಡಾಕ್ಟರು ಬಂದು, ಇನ್ನೊಂದು ತಿಂಗಳು."

"ಚಿನ್ನ ಅಂದುಕೊಂಡಿರಾ?" ಪ್ರತಿಭಾ ಹೆಗಡೆಯವರನ್ನು ಕೇಳಿದರು.

"ಇಲ್ಲ ಮೇಡಂ. ಲೇಪ ಅಂತ ಗೊತ್ತು. ನಾನು ಬಿ.ಎಸ್ಸಿ."

"ಮತ್ತೆ?"

"ನಮ್ಮಲ್ಲಿ ಒಳಗೆ ಬಂಗಾರ ಹಾಕೋದು ಹೆಣದ ಬಾಯಿಗೆ. ಇವಳ ಅಮ್ಮಂಗೆ ನಾನೇ ಹಾಕಿದ್ದೆ. ನಿನ್ನೆ ಇಲ್ಲಿನ ಡಾಕ್ಟರು ಆ ಕೋಣೆಯಲ್ಲಿ ಮಾದರಿ ತೋರಿಸಿದಾಗ ಅದೇ ನೆನಪಾಯ್ತು. ಬೇರೆ ಬಣ್ಣದ್ದು ಇದ್ಯಾ ಕೇಳೋಣ ಅಂದ್ಕೊಂಡೆ. ಓದಿದವ ಹೀಗೆ ಕೇಳ್ತಾನಲ್ಲ ಅಂತ ನಕ್ಕರೆ? ಬಾಯಿ ಬರ್ಲಿಲ್ಲ. ಕಳೆದುಹೋದ್ರೆ ಬೇರೆ ತರಿಸ್ತಾರೆ ಅಂದ್ಕೊಂಡೆ."

"ಲೇಪ ಇಲ್ಲದ ಬೂದು ಬಣ್ಣದ್ದೂ ಬರ್ತದೆ ಹೆಗಡೇರೇ," ಚಿರಂತನ ಮೆಲ್ಲಗೆ ಹೇಳಿದ. "ಕೇಳಿದ್ರೆ ಡಾಕ್ಟರು ಯೋಚನೆ ಮಾಡ್ತಿದ್ರು."

12.40ಕ್ಕೆ ಬಂಧನ. ಕರೆದೊಯ್ಯುವ ಮೊದಲು ಮಗಳನ್ನು ನೋಡಲು ಪ್ರತಿಭಾ ಬಿಟ್ಟರು.

"ಅಪ್ಪಾ, ಎಂತಕ್ಕೆ ಹಿಂಗೆ ಮಾಡ್ದೆ?" ಅಭಿಜ್ಞಾ ಕೇಳಿದಳು.

"ನೀ ಬದುಕವು ಅಂತ, ಕೂಸೇ."

"ಅದು ಗೊತ್ತಾತು. ಆ ಹೆಂಗಸಿನ ಚೀಲ ಎಲ್ಲರೆದುರು ಸುರಿವಾಗ ನೀ ಎಲ್ಲಿದ್ದೆ?"

ಗಣಪ ಹೆಗಡೆ ಬಾಗಿಲ ಕಡೆ ತಿರುಗಿ, "ನಡೀರಿ ಮೇಡಂ," ಎಂದರು. ಪ್ರತಿಭಾಗೂ ಆ ಹುಡುಗಿಯ ಮುಖ ನೋಡಲಾಗಲಿಲ್ಲ.