ಅರ್ಧ ಹಾಳೆ ಬಿಟ್ಟು ಬರೆದ ರಾಜೀನಾಮೆ

೨೦೨೫ರ ನವೆಂಬರ್ ೧೨, ಬುಧವಾರ ಬೆಳಗ್ಗೆ ಹತ್ತೂಕಾಲಿಗೆ ಅರುಂಧತಿ ಮದ್ದೂರು ಠಾಣೆಗೆ ಬಂದಳು. ಹಲಗೂರಿನವಳು, ವಯಸ್ಸು ಇಪ್ಪತ್ತೊಂಬತ್ತು, ಮದ್ದೂರಿನ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಟೈಪಿಂಗ್ ಕೆಲಸ. ಇತ್ತು ಎನ್ನಬೇಕು. ತಂದೆ ಅಂಕಯ್ಯನವರ ಸೊಂಟದ ಆಪರೇಷನ್ನಿಗೆಂದು ಹದಿನೈದು ದಿನ ರಜೆ ಹಾಕಿ ಮಂಡ್ಯದ ಆಸ್ಪತ್ರೆಯಲ್ಲಿದ್ದಳು. ವಾಪಸು ಬಂದರೆ ಅವಳ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

"ನಾನು ರಾಜೀನಾಮೆ ಕೊಟ್ಟಿದ್ದೀನಂತೆ ಸಾರ್. ಅಂಚೇಲಿ ಬಂತಂತೆ. ನಾನು ಬರೆದೇ ಇಲ್ಲ."

"ಸಹಿ ಯಾರ್ದು?" ಹೆಡ್ ಕಾನ್‌ಸ್ಟೆಬಲ್ ದೊಡ್ಡಸಿದ್ದಯ್ಯ ಕೇಳಿದರು.

"ನಂದೇ ಥರ ಐತಂತೆ. ನಂಗೆ ಕಾಗದಾನೇ ತೋರಿಸಿಲ್ಲ. ತಿಂಗಳ ಕೊನೆಯೊಳಗೆ ಸುಳ್ಳು ಅಂತ ಸಾಬೀತಾಗ್ದಿದ್ರೆ ಹೊಸಬರನ್ನೇ ಕಾಯಂ ಮಾಡ್ತಾರೆ."

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಸರಗಳವು, ಬೈಕ್ ಕಳವು, ಕುರಿ ಕಳವು ಎಲ್ಲ ಕಂಡಿದ್ದ ದೊಡ್ಡಸಿದ್ದಯ್ಯನವರಿಗೆ ಒಬ್ಬರ ಕೆಲಸವನ್ನೇ ಕದ್ದದ್ದು ಹೊಸತು. ಫೋರ್ಜರಿ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಅಶೋಕ್ ಹೇಳಿದಂತೆ ಮಧ್ಯಾಹ್ನ ಮೂರಕ್ಕೆ ಕಾಲೇಜಿಗೆ ಹೋಗಿ, ಪಂಚನಾಮೆ ಮಾಡಿ, ಕಾಗದವನ್ನೂ ಲಕೋಟೆಯನ್ನೂ ವಶಕ್ಕೆ ಪಡೆದರು.

ಲಕೋಟೆಯ ಮೇಲೆ ಮಳವಳ್ಳಿಯ ಅಂಚೆ ಮುದ್ರೆ. ತಂದೆಯ ಆಪರೇಷನ್ನಿನ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಎಂಬ ಒಕ್ಕಣೆ. ಹಾಗಾದರೆ ಬರೆದವರು ಮನೆಯ ಸಂಗತಿ ಬಲ್ಲವರು. ಇನ್ನೊಂದು ವಿಚಿತ್ರವಿತ್ತು. ಉದ್ದನೆಯ ಹಾಳೆಯ ಮೇಲಿನ ಅರ್ಧ ಪೂರ್ತಿ ಖಾಲಿ. ಕಾಗದವೆಲ್ಲ ಕೆಳಗಿನ ಅರ್ಧದಲ್ಲೇ ಮುಗಿದಿತ್ತು.

ಅಶೋಕ್ ಅವರ ಅನುಮಾನ ಮೊದಲು ಹೋದದ್ದು ಹೊಸದಾಗಿ ಸೇರಿದವಳ ಮೇಲೆ. ಗುರುವಾರ ನಿಡಘಟ್ಟದ ಅವಳ ಮನೆಗೇ ಹೋಗಿ ವಿಚಾರಿಸಿದರು. ಕಾಲೇಜಿನಿಂದ ಕರೆ ಬರುವವರೆಗೆ ಆ ಹುಡುಗಿಗೆ ಅರುಂಧತಿ ಯಾರೆಂದೇ ಗೊತ್ತಿರಲಿಲ್ಲ. ಪಾಪ, ಗಾಬರಿಗೆ ಅತ್ತೇ ಬಿಟ್ಟಳು.

ಶುಕ್ರವಾರ ದೊಡ್ಡಸಿದ್ದಯ್ಯ ಠಾಣೆಯ ಕಂಪ್ಯೂಟರಿನ ಮುಂದೆ ಎಂದಿನಂತೆ ಗೊಣಗುತ್ತ ಕೂತಿದ್ದರು. ಹೊಸ ಹಾಳೆ ತೆಗೆದಾಗಲೆಲ್ಲ ಕನ್ನಡ ಅಕ್ಷರ ಹುಡುಕಬೇಕು, ಗಾತ್ರ ದೊಡ್ಡದು ಮಾಡಬೇಕು. ನೋಡಿ ನೋಡಿ ಬೇಸತ್ತ ಕಾನ್‌ಸ್ಟೆಬಲ್ ದೀಪಿಕ ಪಕ್ಕಕ್ಕೆ ಬಂದಳು.

"ದಿನಾ ಯಾಕ್ ಸಾ ಈ ಕಷ್ಟ? ಬೇಕಾದ್ದು ಆರಿಸ್ಬುಟ್ಟು ಕೆಳಗೆ ಡೀಫಾಲ್ಟ್ ಅಂತ ಐತಲ್ಲ, ಅದ್ನ ಒತ್ತಿ. ಆಮೇಲೆ ತೆಗೆಯೋ ಹೊಸ ಹಾಳೆ ಎಲ್ಲಾ ಹಂಗೇ ಬತ್ತದೆ."

ಅವರು ಒತ್ತಿದರು. ಬಂತು. ಇಷ್ಟು ವರ್ಷ ಯಾವನೂ ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಆಮೇಲೆ ಕೈ ಹಾಗೇ ನಿಂತಿತು.

"ಹಾಳೆ ಎಲ್ಲಿಂದ ಶುರುವಾಗ್ಬೇಕು ಅನ್ನೋದ್ನೂ ಹಿಂಗೆ ಕಾಯಂ ಮಾಡ್ಬೋದೇನವ್ವಾ?"

"ಯಾಕಾಗಲ್ಲ? ಎಡಗಡೆ ಜಾಗ, ಮೇಲ್ಗಡೆ ಜಾಗ, ಎಲ್ಲಾ ಮಾಡ್ಬೋದು."

ಮೇಲಿನ ಅರ್ಧ ಬಿಟ್ಟು ಬರೆಯುವವರು ಯಾರು? ದೊಡ್ಡಸಿದ್ದಯ್ಯನವರಿಗೆ ತಾವು ಸೈಟು ಕೊಂಡಾಗಿನ ಕರಾರುಪತ್ರ ನೆನಪಾಯಿತು. ಛಾಪಾ ಕಾಗದದಲ್ಲಿ ಮೇಲೆ ಮುದ್ರೆ ಇರುತ್ತದೆ, ಬರಹ ಅದರ ಕೆಳಗೆ. ದಿನವಿಡೀ ಇಂಥ ಪತ್ರ ಟೈಪು ಹೊಡೆಯುವವನ ಕಂಪ್ಯೂಟರಿನಲ್ಲಿ ಹೊಸ ಹಾಳೆಯೇ ಅರ್ಧದಿಂದ ಶುರುವಾಗುತ್ತಿರಬೇಕು.

ಶನಿವಾರ ಅರುಂಧತಿಯನ್ನು ಕರೆಸಿ ಕಾಗದ ತೋರಿಸಿದರು. ನೋಡಿದವಳೇ ಮೇಲಿನ ಖಾಲಿ ಅರ್ಧದ ಮೇಲೆ ಬೆರಳಿಟ್ಟಳು.

"ಯಾರು ಕಣಮ್ಮ?"

"ಹೇಳಲೇಬೇಕಾ ಸಾರ್?"

"ಕೆಲ್ಸ ಬೇಕೋ ಬ್ಯಾಡ್ವೋ?"

"ಇದನ್ನ ಹಿಂಗೆ ಮಾಡಿಟ್ಟೋಳು ನಾನೇ ಸಾರ್. ಮಳವಳ್ಳಿ ತಾಲ್ಲೂಕು ಆಫೀಸು ಎದುರು ರಾಜೇಂದ್ರ ಸಾರ್ ಅಂಗಡಿ. ಆರು ವರ್ಷದ ಹಿಂದೆ ಅಲ್ಲಿದ್ದೆ. ಕ್ರಯಪತ್ರ ಹೊಡೆಯೋವಾಗೆಲ್ಲ ಎಂಟರ್ ಒತ್ತಿ ಒತ್ತಿ ಕೆಳಗಿಳಿಯೋದು ಯಾಕೆ ಅಂತ ಅರ್ಧದಿಂದಲೇ ಶುರುವಾಗೋ ಹಂಗೆ ಮಾಡಿದ್ದೆ. ಕೀಬೋರ್ಡ್ ಮೇಲೆ ಬೆರಳಿಡೋದು ಕಲಿಸಿದ್ದೇ ಅವ್ರು. ಅಪ್ಪನ ಆಪರೇಷನ್ ದಿನ ಫೋನ್ ಮಾಡಿ ವಿಚಾರಿಸಿದ್ರು."

ದೊಡ್ಡಸಿದ್ದಯ್ಯ ಅವಳ ಹೇಳಿಕೆ ಬರೆದುಕೊಂಡರು.

ನವೆಂಬರ್ ೧೭, ಸೋಮವಾರ ೧೧.೪೦ಕ್ಕೆ ಇಬ್ಬರು ಪಂಚರೊಂದಿಗೆ ಮಳವಳ್ಳಿಯ ಅಂಗಡಿಗೆ ಹೋದರು. ಐವತ್ತೆಂಟರ ರಾಜೇಂದ್ರ ಪರದೆಗೆ ಮೂಗು ತಾಕಿಸಿಕೊಂಡೇ ಕೂತಿದ್ದರು.

"ಒಂದು ಹೊಸ ಹಾಳೆ ತೆಗೀರಿ," ಅಶೋಕ್ ಹೇಳಿದರು.

ತೆಗೆದರು. ಹಾಳೆಯ ನಟ್ಟನಡುವೆ ಗೆರೆ ಮಿಣುಕತೊಡಗಿತು. ದೀಪಿಕ ಹುಡುಕಿದಾಗ ಅರುಂಧತಿ ಆ ಅಂಗಡಿಯಿಂದಲೇ ಕಾಲೇಜಿಗೆ ಹಾಕಿದ್ದ ಹಳೆಯ ಅರ್ಜಿಯ ಸ್ಕ್ಯಾನ್ ಪ್ರತಿ, ಅದರಿಂದ ಕತ್ತರಿಸಿದ ಸಹಿ ಎರಡೂ ಸಿಕ್ಕವು. ಕಂಪ್ಯೂಟರಿಗೆ ಸೀಲು ಹಾಕಿ ಪಂಚನಾಮೆ ಬರೆದರು.

"ಮೇಲೆ ಅರ್ಧ ಖಾಲಿ ಬಿಟ್ಟಿರೋದು ಕಾಣ್ಲಿಲ್ವಾ?"

"ನಂಗೆ ಹಾಳೇನೇ ಮಬ್ಬಾಗಿ ಕಾಣ್ತದೆ ಸಾ."

೧.೧೫ಕ್ಕೆ ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಅವರೇನೂ ಮುಚ್ಚಿಡಲಿಲ್ಲ. ಸಕ್ಕರೆ ಕಾಯಿಲೆ ಕಣ್ಣನ್ನು ತಿಂದಿತ್ತು. ಸರ್ವೆ ನಂಬರು ತಪ್ಪಾಗಿ ಎರಡು ಪತ್ರ ವಾಪಸು ಬಂದಿದ್ದವು. ಜನ ಪಕ್ಕದ ಅಂಗಡಿಗೆ ಹೋಗತೊಡಗಿದ್ದರು.

"ಅವ್ಳಿದ್ದಾಗ ಒಂದಕ್ಸರ ತಪ್ಪಾಯ್ತಿರ್ನಿಲ್ಲ. ಅಲ್ಲಿ ಕೆಲ್ಸ ಓಯ್ತು ಅಂದ್ರೆ ಇಲ್ಲಿಗೇ ವಾಪಸ್ ಬತ್ತಾಳೆ ಅನ್ಕಂಡೆ."

"ಬಾರವ್ವ ಅಂತ ಕೇಳ್ಬೋದಿತ್ತಲ್ರೀ?"

"ಕಲಿಸ್ದೋನು ನಾನು ಸಾ. ಕಣ್ಣು ಓಯ್ತು ಅಂತ ಅವಳ ಮುಂದೆ ಎಂಗೇಳ್ಲಿ?"

ಠಾಣೆಯ ವರದಿ ಕಾಲೇಜಿಗೆ ತಲುಪಿ ೨೪ನೇ ತಾರೀಖು ಅರುಂಧತಿಗೆ ಕೆಲಸ ವಾಪಸು ಸಿಕ್ಕಿತು. ಮಾರನೆಯ ದಿನ ಸಂಜೆ ವರದಿಯ ಪ್ರತಿ ಪಡೆದ ಸ್ವೀಕೃತಿಗೆ ಸಹಿ ಹಾಕಲು ಬಂದವಳು, ರಾಜೇಂದ್ರ ಸಾರ್ ಏನು ಹೇಳಿದರು ಎಂದು ಕೇಳಿದಳು. ದೊಡ್ಡಸಿದ್ದಯ್ಯ ಇದ್ದದ್ದನ್ನು ಇದ್ದಹಾಗೆ ಹೇಳಿದರು.

"ಭಾನುವಾರ ಕಾಲೇಜಿಗೆ ರಜಾ ಸಾರ್," ಅಂದಳು ಅರುಂಧತಿ. "ಕೇಳಿದ್ರೆ ಅಂಗಡಿಗೆ ಹೋಗಿ ಟೈಪ್ ಮಾಡ್ಕೊಡ್ತಿದ್ದೆ." ಹಲಗೂರಿನ ಬಸ್ಸಿಗೆ ಹೊತ್ತಾಗಿತ್ತು, ಅವಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.